ಕಂಪ್ಯೂಟರ್ ಮಂಗಳ ಹಾಡಿದ ದಿನ

ಮೂರು ವರ್ಷದ ಹಿಂದಿನ ಮಾತು. ಶಾಲೆ, ಹಾಸ್ಟೆಲ್ಲುಗಳಿಗೆ ಮಕ್ಕಳನ್ನು ಸೇರಿಸುವ ದಿನಗಳು. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಿಡಿದುಕೊಂಡು ಜನ ಕಚೇರಿಯ ಬೀಗ ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಾರೆ. ಸಿಂಧನೂರಿನ ಒಂದು ಸರಕಾರಿ ಕಚೇರಿಯಲ್ಲಿ ಆ ಅರ್ಜಿಗಳನ್ನು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವಳು ನಾನು. ಮನೆ ಮಸ್ಕಿಯಲ್ಲಿ. ದಿನಾ ಬೆಳಿಗ್ಗೆ ನಮ್ಮ ಯಜಮಾನರು ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ, ಅಲ್ಲಿಂದ ಸಿಂಧನೂರಿನವರೆಗೆ ಬಸ್ಸು. ಸೀಟು ಸಿಕ್ಕರೆ ನನ್ನ ಪುಣ್ಯ. ಇಪ್ಪತ್ತೆರಡು ವರ್ಷ ಆ ರಸ್ತೆಯಲ್ಲಿ ಅಡ್ಡಾಡಿ ನನ್ನ ಬೆನ್ನಿಗೆ ಯಾವ ತಗ್ಗು ಎಲ್ಲಿದೆ ಎಂದು ಗೊತ್ತಾಗಿಬಿಟ್ಟಿದೆ.

ನನಗೆ ಕಣ್ಣಿನ ತೊಂದರೆ ಇದೆ. ಪೂರ್ತಿ ಕಾಣುವುದಿಲ್ಲ ಎಂದಲ್ಲ. ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತ ಬಂದು ನಡುವೆ ಒಂದು ಸಣ್ಣ ಕಿಂಡಿ ಉಳಿದಿದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಎದುರಿಗಿದ್ದವರ ಮೂಗು ಕಂಡರೆ ಕಿವಿ ಕಾಣುವುದಿಲ್ಲ. ಕಾಗದವನ್ನು ದೀಪದ ಕೆಳಗೆ ಹಿಡಿದರೆ ಒಂದೊಂದೇ ಪದವಾಗಿ ಓದಬಲ್ಲೆ. ಆದರೆ ಕಾಗದದಿಂದ ತಲೆಯೆತ್ತಿ ಕಂಪ್ಯೂಟರ್ ನೋಡಿದೆನೋ, ಆ ಪರದೆಯಲ್ಲಿ ನಾನು ಎಲ್ಲಿದ್ದೇನೆ ಎಂಬುದು ತಪ್ಪಿಹೋಗುತ್ತದೆ. ಹುಡುಕಬೇಕು. ಹುಡುಕಿ ಸಿಗುವಷ್ಟರಲ್ಲಿ ಕಾಗದದಲ್ಲಿ ಓದಿದ್ದು ಮರೆತಿರುತ್ತದೆ. ಇದನ್ನು ನಾನು ಬಹಳ ದಿನ ಯಾರಿಗೂ ಹೇಳದೆ ಸಂಭಾಳಿಸಿದೆ. ಬೆರಳಿನ ರೂಢಿಯ ಮೇಲೆ, ಅಂದಾಜಿನ ಮೇಲೆ ಕೆಲಸ ನಡೆಯುತ್ತಿತ್ತು. ಮುಚ್ಚಿಡುವುದಿದೆಯಲ್ಲ, ಅದು ಕೆಲಸಕ್ಕಿಂತ ಹೆಚ್ಚು ದಣಿಸುತ್ತದೆ.

ಅಂದಾಜು ಒಂದು ದಿನ ಕೈಕೊಟ್ಟಿತು. ಹೆಂಗಸೊಬ್ಬಳ ಅರ್ಜಿಯಲ್ಲಿ ತಂದೆಯ ಹೆಸರನ್ನು ಗಂಡನ ಹೆಸರಿನ ಜಾಗದಲ್ಲಿ ಹೊಡೆದುಬಿಟ್ಟೆ. ಪತ್ರ ಹಾಗೇ ಅಚ್ಚಾಗಿ ಅವಳ ಕೈಗೆ ಹೋಯಿತು. ಮರುದಿನ ಅವಳು, ಅವಳ ಗಂಡ, ಅವಳ ಅಪ್ಪ ಮೂವರೂ ಬಂದು ಕಿಟಕಿಯ ಮುಂದೆ ನಿಂತರು.

"ಅಪ್ಪನ್ನ ಗಂಡ ಮಾಡಿಟ್ಟೀಯಲ್ಲಬೇ! ನಿನಗ ಕಣ್ಣದಾವೋ ಇಲ್ಲೋ?" ಎಂದು ಅವಳು ಕೂಗಿದಳು. ಆ ಮುದುಕಪ್ಪ ಮಾತ್ರ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವಳ ಬೈಗುಳಕ್ಕಿಂತ ಅವರ ನಾಚಿಕೆ ನನ್ನನ್ನು ಹೆಚ್ಚು ಸುಟ್ಟಿತು. ಸಾಲಿನಲ್ಲಿದ್ದವರು ನಕ್ಕರು. ನಾನು ಅಂದೇ ಮೊದಲ ಸಲ ಎಲ್ಲರೆದುರು, "ಇಲ್ಲವಾ, ನನಗ ಬರೋಬರಿ ಕಾಣಂಗಿಲ್ಲ, ತಪ್ಪಾಗೇದ" ಎಂದು ಒಪ್ಪಿಕೊಂಡೆ.

ಸಾಹೇಬರು ಸಂಜೆ ಒಳಗೆ ಕರೆದರು. ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ.

"ಮೇಡಂ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲರಿ. ರೆಕಾರ್ಡ್ ರೂಮಿನ ಬಾಜೂಕ ಒಂದು ಕುರ್ಚಿ ಹಾಕಸ್ತೀನಿ. ಬರ್ರಿ, ಸಹಿ ಮಾಡ್ರಿ, ಆರಾಮ ಕುಂದ್ರಿರಿ. ಪಗಾರಕ್ಕೇನೂ ತೊಂದ್ರಿ ಇಲ್ಲ. ಕಿಟಕಿಗೆ ಬ್ಯಾರೆಯವರ್ನ ಹಾಕೋಣ."

ಆ ಕುರ್ಚಿ ನನಗೆ ಗೊತ್ತು. ಹಿಂದೆ ಅಲ್ಲಿ ಲಕ್ವಾ ಹೊಡೆದ ಒಬ್ಬ ಗುಮಾಸ್ತರು ಕೂರುತ್ತಿದ್ದರು. ಬೆಳಿಗ್ಗೆ ಸಹಿ ಮಾಡಿ ಸಂಜೆಯವರೆಗೆ ಫ್ಯಾನು ತಿರುಗುವುದನ್ನು ನೋಡುತ್ತಿದ್ದರು. ಮೊದಮೊದಲು ಎಲ್ಲರೂ ಮಾತನಾಡಿಸಿದರು. ಆಮೇಲಾಮೇಲೆ ಅವರಿದ್ದಾರೆ ಎಂಬುದೇ ಮರೆತುಹೋಗಿ, ಒಮ್ಮೆ ಯಾರೋ ಅವರ ತೊಡೆಯ ಮೇಲೆಯೇ ಕಡತದ ಗಂಟು ಇಟ್ಟು ಹೋಗಿದ್ದರು. ಅವರು ತೆಗೆದಿಡಿ ಎಂದು ಕೂಡ ಅನ್ನಲಿಲ್ಲ.

ಸುಳ್ಳು ಯಾಕೆ ಹೇಳಲಿ, ಸಾಹೇಬರ ಮಾತು ಕೇಳಿದಾಗ ನನ್ನೊಳಗೆ ಅರ್ಧ ಜೀವ "ಹೂಂ ಅನ್ನು" ಎಂದಿತು. ಅಷ್ಟು ಸಾಕಾಗಿತ್ತು ನನಗೆ. ಇನ್ನರ್ಧಕ್ಕೆ ಆ ಗುಮಾಸ್ತರ ತೊಡೆ ಕಣ್ಣಿಗೆ ಕಟ್ಟಿತ್ತು. "ಈ ತಿಂಗಳ ತಡೀರಿ ಸಾಹೇಬ್ರ, ಏನರ ಹಾದಿ ಹುಡುಕ್ತೀನಿ" ಎಂದೆ. "ಆಗಲಿ. ಆದ್ರ ಇನ್ನೊಂದು ತಪ್ಪಾದ್ರ ನನ್ನ ಕೈಯಾಗ ಇರಂಗಿಲ್ಲ ನೋಡ್ರಿ" ಎಂದರು.

ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಇರುತ್ತದೆ ಎಂದು ಯಾರೋ ಹೇಳಿ, ಅದನ್ನು ಕಚೇರಿಯ ಕಂಪ್ಯೂಟರಿಗೂ ನನ್ನ ಮೊಬೈಲಿಗೂ ಹಾಕಿಸಿಕೊಂಡೆ. ಅದು ಹೇಳುವುದು ಖರೆ. ಆದರೆ ಅದೂ ಮಾತನಾಡುತ್ತದೆ, ಕಿಟಕಿಯ ಆಚೆ ಜನರೂ ಮಾತನಾಡುತ್ತಾರೆ. "ನಮ್ಮಪ್ಪನ ಹೆಸರು ಅಮರಪ್ಪರೀ" ಎಂದು ಇವರು ಅನ್ನುವಾಗಲೇ ಅದು ಹೆಡ್‌ಫೋನಿನೊಳಗಿಂದ ಖಾನೆಯ ಹೆಸರು, ಗುಂಡಿಯ ಹೆಸರು ಎಲ್ಲ ಒದರುತ್ತದೆ. ಇಬ್ಬರಲ್ಲಿ ಯಾರ ಮಾತು ಕೇಳಲಿ? ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಳ್ಳುತ್ತಿತ್ತು. ನಾಲ್ಕು ದಿನಕ್ಕೆ ಹೆಡ್‌ಫೋನಿನ ವೈರು ಬೇರೆ ಕಿತ್ತುಹೋಯಿತು.

ಆ ಭಾನುವಾರ ನಮ್ಮ ನಾದಿನಿಯ ಮನೆಗೆಂದು ಲಿಂಗಸುಗೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೆಡ್‌ಫೋನು ತೋರಿಸೋಣ ಎಂದು ಒಳಗೆ ಹೋದರೆ, ಬಿಚ್ಚಿಟ್ಟ ಕಂಪ್ಯೂಟರುಗಳ ನಡುವೆ ಒಂದು ಹಾರ್ಮೋನಿಯಂ ಪೆಟ್ಟಿಗೆ ಕೂತಿತ್ತು. ಅಂಗಡಿಯವರ ಹೆಸರು ಮೌಲಾಸಾಬ್. ಐವತ್ತು ದಾಟಿದ ವಯಸ್ಸು. ಆ ಕಡೆಯ ಹಳ್ಳಿಗಳಲ್ಲಿ ನಾಟಕಗಳಿಗೆ, ಭಜನೆಗಳಿಗೆ ಅದೇ ಪೇಟಿ ನುಡಿಸುತ್ತಿದ್ದವರು. ಎಲ್ಲರೂ ಪೇಟಿ ಮಾಸ್ತರ್ ಎಂದೇ ಕರೆಯುತ್ತಾರೆ. ನಾಟಕದ ತಾಳಕ್ಕೆಂದು ತಂದಿಟ್ಟ ಕಂಪ್ಯೂಟರ್ ಕೆಟ್ಟಾಗಲೆಲ್ಲ ತಾವೇ ಬಿಚ್ಚಿ, ತಾವೇ ಕಲಿತು, ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದರು.

ವೈರು ಜೋಡಿಸಿ, ನನ್ನ ಮೊಬೈಲಿನಲ್ಲಿದ್ದ ಆ ಓದುವ ಸಾಫ್ಟ್‌ವೇರನ್ನು ಹಚ್ಚಿ ಕೇಳಿದರು. ಎರಡು ನಿಮಿಷಕ್ಕೆ ಹೆಡ್‌ಫೋನು ಕಿತ್ತಿಟ್ಟರು.

"ಇದೇನ್ರೀ ಅಕ್ಕಾರ, ಒಂದೇ ಸಮ ವಟವಟ ಅಂತದ! ಇದನ್ನ ದಿನಾ ಕೇಳ್ತೀರಿ?"

"ಕಾಣಂಗಿಲ್ಲಲ್ರೀ ಮಾಸ್ತರ್ರ, ಕೇಳ್ಲಿಕ್ಕೇ ಬೇಕು" ಎಂದು ನನ್ನ ಕಥೆಯನ್ನೆಲ್ಲ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಮನೆಯಲ್ಲಿ ಹೇಳಿದರೆ ಚಿಂತೆ ಮಾಡುತ್ತಾರೆ, ಕಚೇರಿಯಲ್ಲಿ ಹೇಳಿದರೆ ಕನಿಕರ ಪಡುತ್ತಾರೆ. ಇವರು ಎರಡೂ ಮಾಡಲಿಲ್ಲ. ಚಹಾ ತರಿಸಿದರು.

"ನೋಡ್ರಿ," ಎಂದರು, "ನಾಟಕದಾಗ ಪಾತ್ರಧಾರಿ ಹಾಡು ಮರೀತಾನ. ಪೇಟಿ ಮಾಸ್ತರ್ ಏನು ಮಾಡ್ತಾನ? ಒದರಿ ಹೇಳ್ತಾನೇನು? ಇಲ್ಲ. ಜರಾ ಪೇಟಿ ಒತ್ತಿ ಸೂರು ಕೊಡ್ತಾನ. ಅಷ್ಟಕ್ಕ ಅವ್ಗ ಎಲ್ಲಿದ್ದೀನಿ ಅಂತ ಮಾಲೂಮ್ ಆಕ್ಕದ. ಮಂದಿಗೆ ತಕ್ಲೀಫ್ ಇಲ್ಲ, ಮಾತೂ ಕೆಡಂಗಿಲ್ಲ. ನಿಮ್ಮ ಕಂಪ್ಯೂಟರ್ ಮಾತಾಡಬಾರದ್ರೀ. ಸೂರು ಕೊಡಬೇಕು. ನಿಮ್ಮ ಅರ್ಜಿಯಾಗ ಎಷ್ಟು ಖಾನೆ ಅದಾವ?"

ಬೆರಳು ಮಡಚಿ ಎಣಿಸಿದೆ. ಹೆಸರು, ತಂದೆಯ ಹೆಸರು, ಗಂಡನ ಹೆಸರು, ಊರು, ಜಾತಿ, ಆದಾಯ, ಫೋನ್ ನಂಬರು. ಏಳು.

ಮೌಲಾಸಾಬರು ಮೇಜು ಕುಟ್ಟಿ ನಕ್ಕರು. "ಏಳ! ನನಗೂ ಏಳ ಬೇಕು!" ಎಂದು ಪೇಟಿ ಎಳೆದುಕೊಂಡು ಸರಿಗಮ ಒತ್ತಿಯೇಬಿಟ್ಟರು. ಹೆಸರಿಗೆ ಸ, ತಂದೆಗೆ ರಿ, ಗಂಡನಿಗೆ ಗ. ಹೀಗೇ ಏರುತ್ತ ಹೋಗಿ ಫೋನ್ ನಂಬರಿಗೆ ನಿ. ಬರೆಯದೆ ದಾಟಿದ ಖಾನೆಗೆ ಬರೀ 'ಟಕ್' ಎಂಬ ಸದ್ದು. ಅಂಕಿ ಕಡಿಮೆ ಬಿದ್ದರೆ, ಅಕ್ಷರದ ಜಾಗದಲ್ಲಿ ಅಂಕಿ ಬಿದ್ದರೆ ಸ್ವರ ಬೆಸೂರ, ಅಂದರೆ ಅಪಸ್ವರ. ಎಲ್ಲ ಸರಿಯಾಗಿ ಅರ್ಜಿ ಒಳಗೆ ಸೇರಿತೋ, ಮೇಲಿನ ಸ ಮುಟ್ಟಿ ಒಂದು ಮುಕ್ತಾಯದ ತುಣುಕು. ಸೇರಲಿಲ್ಲವೋ, ನಿ ಮೇಲೇ ನಿಂತುಬಿಡುತ್ತದೆ.

"ನಿ ಮ್ಯಾಲೆ ನಿಂತ್ರ ಯಾರಿಗಾದ್ರೂ ಚುಟುಚುಟು ಅಂತದ್ರೀ. ಸಂಗೀತ ಬರಲಿಕ್ಕೇ ಬೇಕಂತಿಲ್ಲ" ಎಂದು ನಿ ಒತ್ತಿ ಕೈ ತೆಗೆದರು. ಖರೆ. ಕಾಲೆತ್ತಿ ಕೆಳಗಿಡದೆ ನಿಂತ ಹಾಗಾಯಿತು ನನಗೆ. ಅವರೂ ತಡೆಯಲಾರದೆ ಮೇಲಿನ ಸ ಒತ್ತಿದರು. ಇಬ್ಬರೂ ಉಸಿರು ಬಿಟ್ಟೆವು.

ಅದನ್ನು ತಯಾರು ಮಾಡಲು ಅವರಿಗೆ ಎರಡು ವಾರ ಹಿಡಿಯಿತು. ನಾನು ಆ ಎರಡು ವಾರ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಸ್ವರಗಳನ್ನು ಬಾಯಿಪಾಠ ಮಾಡಿದೆ. "ಊರು ಮ, ಜಾತಿ ಪ, ಆದಾಯ ದ..." ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಯಾಕ್ರೀ ಅಕ್ಕಾರ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು. ಅವಳಿಗೆ ಏನೆಂದು ಹೇಳುವುದು? "ಆರಾಮ ಅದೀನವಾ" ಎಂದು ಬಾಯಿ ಮುಚ್ಚಿಕೊಂಡೆ.

ಸಾಹೇಬರ ಒಪ್ಪಿಗೆ ಪಡೆದು ಒಂದು ಸೋಮವಾರ ಮೌಲಾಸಾಬರೇ ಸಿಂಧನೂರಿಗೆ ಬಂದು ಅದನ್ನು ನನ್ನ ಕಂಪ್ಯೂಟರಿಗೆ ಹಾಕಿದರು. ಒಂದು ಸಣ್ಣ ಸ್ಪೀಕರನ್ನು ಮೇಜಿನ ಮೇಲಿಟ್ಟರು. "ಜರಾ ಚಹಾ ಕುಡದು ಬರ್ತೀನ್ರೀ, ನೀವು ಶುರು ಮಾಡ್ರಿ" ಎಂದು ಹೊರಗೆ ಹೋದರು.

ಮೊದಲ ಅರ್ಜಿ ಸಾಲಗುಂದದ ಒಬ್ಬ ರೈತರದು. ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಸ. ರಿ. ಗಂಡನ ಖಾನೆ ದಾಟಿದೆ, ಟಕ್. ಮ. ಪ. ಪರದೆಯ ಕಡೆ ತಿರುಗಬೇಕಾಗಲೇ ಇಲ್ಲ. ಅವರ ಮಾತೂ ಕೇಳುತ್ತಿತ್ತು, ಅದರ ಕೆಳಗೆ ಸ್ವರವೂ ಕೇಳುತ್ತಿತ್ತು. ಒಂದಕ್ಕೊಂದು ಅಡ್ಡ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಕೆಲಸ ಮಾಡುವಾಗ ನನ್ನ ಹೆಗಲು ಸಡಿಲಾಗಿತ್ತು. ಕೊನೆಗೆ ಗುಂಡಿ ಒತ್ತಿದೆ. ಸ್ಪೀಕರಿನಿಂದ ಪೇಟಿಯ ದನಿಯಲ್ಲಿ ಮುಕ್ತಾಯದ ತುಣುಕು ತುಂಬಿ ಬಂತು. ಚೆಂದವಿತ್ತು. ಎಲ್ಲೋ ಕೇಳಿದ ಧಾಟಿ ಅನ್ನಿಸಿತು, ಆದರೆ ಅರ್ಜಿ ಸೇರಿತಲ್ಲ ಎಂಬ ಸಂತೋಷದಲ್ಲಿ ಅದನ್ನು ಯೋಚಿಸಲಿಲ್ಲ.

ಹೊರಗೆ ಬೆಂಚು ಸರಿದ ಸದ್ದು. ಚಪ್ಪಲಿಗಳ ಸದ್ದು. ಸಾಲು ಮುಂದೆ ಬರುತ್ತಿದೆ ಎಂದುಕೊಂಡು, "ಮುಂದಿನವ್ರು ಬರ್ರಿ" ಎಂದೆ. ಯಾರೂ ಬರಲಿಲ್ಲ. ಮತ್ತೆ ಕರೆದೆ. ನನ್ನ ಕಿಂಡಿಯನ್ನು ಕಿಟಕಿಯ ಈ ತುದಿಯಿಂದ ಆ ತುದಿಯವರೆಗೆ ಹಾಯಿಸಿದೆ. ಬರೀ ಗೋಡೆ.

ಜವಾನ ಹನುಮಂತಪ್ಪ ಗಾಬರಿಯಿಂದ ಒಳಗೆ ಬಂದ. "ಮೇಡಂ, ಮಂದಿ ಎಲ್ಲಿ ಹೋದ್ರು?"

"ನನ್ನ ಕೇಳ್ತೀಯೇನಪಾ? ನಿನಗೂ ಕಾಣವಲ್ದೇನು?" ಎಂದೆ.

ಅವನು ಗೇಟಿಗೆ ಓಡಿದ. ಜನ ಸಾಲಾಗಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದರಂತೆ. "ಯಾಕ ಹೊಂಟ್ರಿ?" ಎಂದು ಕೇಳಿದರೆ ಮುಂದಿದ್ದ ಹಿರಿಯರೊಬ್ಬರು, "ಮಂಗಳ ಆತಲ್ಲೋ ತಮ್ಮಾ, ಇವತ್ತಿಂದು ಮುಗೀತು" ಎಂದರಂತೆ.

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಯಾವ ಊರಿನ ಗುಡಿಯಲ್ಲೇ ಭಜನೆಯಾಗಲಿ, ಕೊನೆಗೆ ಮಂಗಳ ಹಾಡುತ್ತಾರೆ. ಮಂಗಳದ ಧಾಟಿ ಎದ್ದಿತೋ, ಕೂತವರು ಎದ್ದು ನಿಲ್ಲುತ್ತಾರೆ, ಕೈ ಮುಗಿಯುತ್ತಾರೆ, ಪ್ರಸಾದ ತೆಗೆದುಕೊಂಡು ಮನೆ ಹಿಡಿಯುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲೇ ಎದ್ದುಬಿಡುತ್ತದೆ. ಮುಕ್ತಾಯ ಎಂದೊಡನೆ ಮೌಲಾಸಾಬರ ಕೈ ರೂಢಿಯ ಮೇಲೆ ಅದನ್ನೇ ನುಡಿಸಿತ್ತು. ಎಲ್ಲರೂ ಎದ್ದು, ಕಿಟಕಿಗೆ, ಅಂದರೆ ನನಗೆ, ಕೈ ಮುಗಿದು ಹೋಗಿದ್ದರು. ಒಬ್ಬಾಕೆ ಹನುಮಂತಪ್ಪನನ್ನು "ಪ್ರಸಾದ ಇಲ್ಲೇನೋ?" ಎಂದು ಕೇಳಿದಳಂತೆ.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರಲಿಲ್ಲ. ಅರ್ಧ ಜನ ತಿರುಗಿ ಬಂದರು, ಇನ್ನರ್ಧ ಬಸ್ಸು ಹತ್ತಿ ಹೋಗಿದ್ದರು. ಸಾಹೇಬರು ಹೊರಗೆ ಬಂದು, "ಏನ್ರೀ ಮೇಡಂ, ಕಚೇರ್ಯಾಗ ಭಜನಿ ಹಚ್ಚೀರೇನು?" ಎಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಕೂಗಾಡಲಿಲ್ಲ. "ನಾಳಿ ನಾನ ಬಂದು ನಿಮ್ಮ ಹಿಂದ ನಿಂತು ನೋಡ್ತೀನಿ. ಇದು ನಡೀತಂದ್ರ ನಡೀತು. ಇಲ್ಲಂದ್ರ ಒಳಗ ಕುರ್ಚಿ ಹಾಕಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು.

ಮೌಲಾಸಾಬರು ಚಹಾ ಕುಡಿದು ಬಂದವರು ಸುದ್ದಿ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಗಲತಿ ನಂದು, ಅಕ್ಕಾರ. ಅಲ್ಲಾನ ಆಣಿ, ಕೈ ತಾನ ಹೋತು" ಎಂದು ಅಲ್ಲೇ ಕೂತು ಮಂಗಳವನ್ನು ತೆಗೆದುಹಾಕಿದರು. ನಾಟಕದಲ್ಲಿ ಒಬ್ಬ ಪಾತ್ರಧಾರಿ ಒಳಗೆ ಹೋಗಿ ಇನ್ನೊಬ್ಬ ಬರುವ ನಡುವೆ ಪೇಟಿಯಲ್ಲಿ ಒಂದು ಚಿಟಿಕೆ ಹೊಡೆದಷ್ಟು ನುಡಿಸುತ್ತಾರೆ. ಅದನ್ನು ಹಾಕಿದರು. ಒಬ್ಬರು ಹೋಗಿ, ಇನ್ನೊಬ್ಬರು ಬನ್ನಿ ಎನ್ನುವ ಹಾಗೆ.

ಮರುದಿನ ಬಸ್ಸಿನಲ್ಲಿ ನಾನು ಸ್ವರ ಅಂದುಕೊಳ್ಳಲಿಲ್ಲ. ಒಳಗಿನ ಕುರ್ಚಿ ಫ್ಯಾನಿನ ಕೆಳಗೇ ಇದೆಯಲ್ಲ, ಗಾಳಿಯಾದರೂ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟು ಸೋತಿದ್ದೆ.

ಕಿಟಕಿ ತೆಗೆಯುತ್ತಿದ್ದಂತೆ ಒಂದು ಮುದಿದನಿ ನನ್ನನ್ನು ಹಿಡಿದುಕೊಂಡಿತು. "ಯವ್ವಾ, ನಿನ್ನಿ ಮಂಗಳ ಹಾಡಿ ಓಡಿಸಿದಿ. ಇವತ್ತರ ಕೆಲಸ ಮಾಡ್ತೀಯೋ, ಆರತಿ ಮಾಡಿ ಕಳಿಸ್ತೀಯೋ?"

ಮುಕ್ಕುಂದದ ಈರಮ್ಮ. ಮೊಮ್ಮಗಳನ್ನು ಹಾಸ್ಟೆಲ್ಲಿಗೆ ಸೇರಿಸಬೇಕು. ಪ್ರಮಾಣಪತ್ರ ಬರುವುದು ತಡವಾದರೂ ಅರ್ಜಿ ಹಾಕಿದ ಚೀಟಿ ತೋರಿಸಿದರೆ ಹಾಸ್ಟೆಲ್ಲಿನವರು ಒಪ್ಪುತ್ತಾರೆ, ಆದರೆ ಅದಕ್ಕೆ ಅಂದೇ ಕೊನೆಯ ದಿನ. ಹಿಂದಿನ ದಿನ ಮಂಗಳ ಕೇಳಿ ಬಸ್ಸು ಹತ್ತಿ ಹೋದವರಲ್ಲಿ ಆಕೆಯೂ ಒಬ್ಬಳು. "ತಪ್ಪಾತವಾ" ಎಂದೆ. "ಆಗ್ಲಿ ಬಿಡು. ನಾನೂ ಎದ್ದು ಹೋಗಬಾರದಿತ್ತು. ಕೈ ಬ್ಯಾರೆ ಮುಗದೆ ನಿನಗ" ಎಂದಳು.

ಸಾಲು ಉದ್ದವಿತ್ತು, ಆಕೆಯ ಜಾಗ ತೀರಾ ಹಿಂದಿತ್ತು. ಆಕೆಯ ಪಾಳಿ ಬರುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಅಲ್ಲಿಯವರೆಗೆ ಒಂದೂ ತಪ್ಪಿರಲಿಲ್ಲ. ಸ್ವರಗಳು ಏರುವುದು, ಚಿಟಿಕೆ ತುಣುಕು ಬೀಳುವುದು, ಮುಂದಿನವರು ಬರುವುದು, ಹಾಗೇ ನಡೆದಿತ್ತು. ಸಾಹೇಬರು ಹೇಳಿದಂತೆ ಬಂದು ನನ್ನ ಹಿಂದೆ ನಿಂತಿದ್ದರು. ಈರಮ್ಮ ಮೊಮ್ಮಗಳ ವಿವರ ಹೇಳಿದಳು. ಫೋನ್ ನಂಬರನ್ನೂ ಬಾಯಿಪಾಠದಿಂದ ಗಡಗಡ ಹೇಳಿದಳು. ಹೊಡೆದೆ. ಅದೇ ಹೊತ್ತಿಗೆ ಸಾಹೇಬರು, "ಪರವಾಗಿಲ್ಲ ಮೇಡಂ, ಚಲೋ ನಡದದ" ಎಂದರು. ನನ್ನ ಕಿವಿ ಆ ಮಾತಿಗೆ ಹೋಯಿತು. ಎಷ್ಟು ದಿನದ ಮೇಲೆ ಒಂದು ಒಳ್ಳೆಯ ಮಾತು, ಹೋಗದೆ ಇದ್ದೀತೇ? ಗುಂಡಿ ಒತ್ತಿದೆ, ಚೀಟಿ ಬರೆದೆ, ಠಸ್ಸೆ ಹೊಡೆದೆ. "ಆತು ಹೋಗವಾ" ಎಂದು ಕಿಟಕಿಯಿಂದ ಚಾಚಿದೆ.

ಈರಮ್ಮ ಚೀಟಿ ತೆಗೆದುಕೊಳ್ಳಲಿಲ್ಲ.

"ಇಲ್ಲಬೇ. ನಂದು ಆಗಿಲ್ಲ."

"ಆತವಾ, ಚೀಟಿ ಕೊಟ್ಟೀನಲ್ಲ."

"ಚೀಟಿ ಕೊಟ್ಟಿ ಖರೆ. ನಂದು ಆಗಿಲ್ಲ. ನನ್ನ ಮುಂದ ನಿಂತವರ್ದೆಲ್ಲ ಮ್ಯಾಲೆ ಏರಿ, ಮುಟ್ಟಿ, ಟಣ್ ಅಂತ ಕೆಳಗಿಳೀತು. ನಂದು ಹಂಗ ಜೋತು ಬಿದ್ದದ. ನೀನ ಕೇಳು."

ಕೇಳಲು ಏನೂ ಇರಲಿಲ್ಲ. ಸ್ಪೀಕರು ಯಾವಾಗಲೋ ತನ್ನ ಮಾತು ಹೇಳಿ ಬಾಯಿ ಮುಚ್ಚಿಕೊಂಡಿತ್ತು. ನಾನು ಮುಖವನ್ನು ಪರದೆಗೆ ಹತ್ತಿರ ಒಯ್ದು ಕಿಂಡಿಯಿಂದ ಹುಡುಕಿದೆ. ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ಅರ್ಜಿ ಸೇರಿರಲಿಲ್ಲ. ನಾನು ಇನ್ನೊಬ್ಬರ ಅರ್ಜಿ ಶುರು ಮಾಡಿದ್ದರೆ ಅಷ್ಟೂ ಅಳಿಸಿಹೋಗುತ್ತಿತ್ತು. ಠಸ್ಸೆ ಬಿದ್ದ ಚೀಟಿ ಹಿಡಿದುಕೊಂಡು ಆ ಮುದುಕಿ ನಂಬಿಕೆಯಿಂದ ಹಾಸ್ಟೆಲ್ಲಿಗೆ ಹೋಗುತ್ತಿದ್ದಳು, ಆಮೇಲೆ ಯಾವತ್ತೋ ಅವರು ಹುಡುಕಿ, ನಿಮ್ಮ ಅರ್ಜಿಯೇ ಇಲ್ಲ ಎನ್ನುತ್ತಿದ್ದರು. ಹುಡುಗಿ ಮನೆಗೆ ವಾಪಸ್.

ಬಿಟ್ಟ ಅಂಕಿ ಕೇಳಿ ತುಂಬಿದೆ, ಮತ್ತೆ ಒತ್ತಿದೆ. ಸ್ವರ ಮೇಲೇರಿ ಮುಟ್ಟಿ ತುಣುಕು ಬಿತ್ತು. "ಹಾಂ! ಈಗ ಆತು" ಎಂದು ಈರಮ್ಮ ಚೀಟಿ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿದಳು.

ನಾನು ಸಾಹೇಬರ ಕಡೆ ತಿರುಗಿದೆ. ಅವರ ಅಂಗಿಯ ಗುಂಡಿಯಷ್ಟೇ ಕಂಡಿತು. "ಸಾಹೇಬ್ರ, ಇದು ನಾ ಹಿಡದಿದ್ದಲ್ಲ. ನನಗ ತಪ್ಪಿ ಹೋಗಿತ್ತು. ಆಕಿ ಹಿಡದಾಳ. ಕುರ್ಚಿ ಒಳಗ ಹಾಕಸ್ರಿ" ಎಂದೆ. ಅಳುವಷ್ಟು ಶಕ್ತಿಯೂ ಇರಲಿಲ್ಲ ಅನ್ನಿ.

ಸಾಹೇಬರು ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಈರಮ್ಮ ಕಿಟಕಿಯ ಸರಳು ಹಿಡಿದು ಒಳಗೆ ಮುಖ ಚಾಚಿದಳು.

"ಯಾಕ ಒಳಗ ಹೋಗ್ತಿಬೇ? ಇಲ್ಲೇ ಕುಂದ್ರು. ಸಾಹೇಬಾ, ನಾ ಹೆಬ್ಬೆಟ್ಟಿನಾಕಿ. ಎಷ್ಟು ವರ್ಷ ಆತು ಈ ಕಿಟಕಿಗೆ ಅಡ್ಡಾಡಾಕತ್ತು. ಆ ಟೀವಿ ನಿಮ್ಮ ಕಡಿಗೆ ಮಾರಿ ಮಾಡಿ ಇಟ್ಟೀರಿ, ಅದರಾಗ ಏನು ಬರೀತೀರಿ, ಏನು ಬಿಡ್ತೀರಿ, ನನಗೇನು ಗೊತ್ತು? ಆತು ಅಂದ್ರ ಆತು, ಆಗಿಲ್ಲ ಅಂದ್ರ ಆಗಿಲ್ಲ. ಬೈದ್ರ ಬೈಸ್ಕೊಂಡು ಹೋಗೀನಿ. ಇವತ್ತ ನೋಡಪಾ, ನಂದು ಆತೋ ಇಲ್ಲೋ ಅಂತ ನನಗ ನಾನ ಗೊತ್ತು ಮಾಡ್ಕೊಂಡೀನಿ. ಇದನ್ನ ತೆಗೀಬ್ಯಾಡ್ರಿ."

ಹಿಂದೆ ನಿಂತಿದ್ದವರೊಬ್ಬರು, "ಹೌದ್ರೀ ಸಾಹೇಬ್ರ, ನಮಗೂ ತಿಳೀತದ" ಎಂದರು. ಇನ್ನೊಬ್ಬರು, "ಜರಾ ದೊಡ್ಡದಾಗಿ ಇಡ್ರಿ, ಹಿಂದ ಕೇಳವಲ್ದು" ಎಂದರು. ಯಾರೋ ನಕ್ಕರು.

ಸಾಹೇಬರು ಹನುಮಂತಪ್ಪನನ್ನು ಕರೆದು, ಸ್ಪೀಕರನ್ನು ಮೇಜಿನಿಂದ ತೆಗೆಸಿ ಕಿಟಕಿಯ ಕಟ್ಟೆಯ ಮೇಲೆ, ಜನರ ಕಡೆ ಮುಖ ಮಾಡಿ ಇಡಿಸಿದರು. ನನಗೆ, "ಊಟ ಮಾಡಿ ಬರ್ರಿ ಮೇಡಂ, ಮಂದಿ ಇನ್ನೂ ಭಾಳ ಅದಾರ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸಾಹೇಬರಿಗೆ ವರ್ಗವಾಯಿತು. ನಾನು ಇನ್ನೂ ಅದೇ ಕಿಟಕಿಯ ಹಿಂದೆ ಇದ್ದೇನೆ. ಕಿಂಡಿ ಮತ್ತಷ್ಟು ಚಿಕ್ಕದಾಗಿದೆ. ಬಸ್ಸಿನಲ್ಲಿ ಈಗಲೂ ನಿಂತೇ ಬರುತ್ತೇನೆ, ಸಂಜೆ ಮನೆ ಮುಟ್ಟಿದಾಗ ಚಪ್ಪಲಿ ಬಿಚ್ಚಲೂ ಬೇಸರ. ಏನೋ ದೊಡ್ಡದನ್ನು ಗೆದ್ದೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ಒಂದು ನಾಚಿಕೆ ಹೋಯಿತು. ಆ ಕೋಣೆಯಲ್ಲಿ ಪರದೆ ಕಾಣದವಳು ನಾನೊಬ್ಬಳೇ ಎಂದು ಎಷ್ಟೋ ವರ್ಷ ಒಳಗೊಳಗೇ ಕುಗ್ಗಿದ್ದೆ. ಸರಳಿನ ಆಚೆ ನಿಂತವರಿಗೆ ಯಾರಿಗೂ ಅದು ಕಾಣುತ್ತಿರಲಿಲ್ಲ ಎಂಬುದು, ಅಷ್ಟು ವರ್ಷ ಅವರೆದುರೇ ಕೂತಿದ್ದರೂ, ನನಗೆ ಹೊಳೆದಿರಲಿಲ್ಲ.

ಈಗ ಗುಂಡಿ ಒತ್ತಿದ ಮೇಲೆ ನಾನು "ಆತು" ಎನ್ನುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ, "ಆತೇನ್ರೀ?" ಎಂದು ಕೇಳುತ್ತೇನೆ. ಅವರು ಆತು ಎಂದ ಮೇಲೆಯೇ ಠಸ್ಸೆ ಹೊಡೆಯುತ್ತೇನೆ.